ಅಳಿಯನನ್ನು ಕಂಡರಾಗದ ಎಂಜಿನ್

ನನಗೆ ಕರೆಂಟಿನ ವಿಷಯದಲ್ಲಿ ತಿಳಿವಳಿಕೆ ಇದೆ ಎಂಬ ಸುದ್ದಿ ಹುಟ್ಟಿದ್ದು ನನ್ನ ಬಾಯಿಂದಲೇ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ಕಾಲಿಂಗ್ ಬೆಲ್ ಕೆಟ್ಟಾಗ ನಾನೇ ಸ್ಟೂಲು ಹತ್ತಿ, ಎರಡು ವೈರು ಬಿಚ್ಚಿ, ಅವೆರಡನ್ನೂ ಇದ್ದ ಜಾಗದಲ್ಲೇ ಮತ್ತೆ ಕಟ್ಟಿ ಕೆಳಗಿಳಿದಿದ್ದೆ. ಬೆಲ್ಲು ಹೊಡೆದುಕೊಂಡಿತು. ನಾನು ಸ್ಟೂಲಿನ ಮೇಲಿದ್ದಾಗಲೇ ಹೋಗಿದ್ದ ಕರೆಂಟು ವಾಪಸ್ಸು ಬಂತು, ಅಷ್ಟೇ ಆದದ್ದು, ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಆದರೆ ಅದಕ್ಕೆ ಅವಳ ಬಳಿ ದಾಖಲೆ ಇಲ್ಲ. ಇಪ್ಪತ್ತೆರಡು ವರ್ಷ ದಾಖಲೆ ಕೋಣೆಯ ಗುಮಾಸ್ತನಾಗಿದ್ದ ನಾನು ದಾಖಲೆ ಇಲ್ಲದ್ದನ್ನು ನಂಬುವವನಲ್ಲ.

ಆ ಒಂದು ಬೆಲ್ಲಿನ ಧೈರ್ಯದ ಮೇಲೆ ನಾನು ಮಾವನವರ ದೋಣಿಯನ್ನು ವಹಿಸಿಕೊಂಡೆ.

ಮಾವ ಮೂವತ್ತೆಂಟು ವರ್ಷ ಈ ದಡದ ಜನರನ್ನು ಆ ದಡಕ್ಕೂ ಆ ದಡದವರನ್ನು ಈ ದಡಕ್ಕೂ ದಾಟಿಸಿದವರು. ನನ್ನ ಕಚೇರಿಯ ಕಾಗದಗಳೆಲ್ಲ ಕಂಪ್ಯೂಟರಿನೊಳಗೆ ಸೇರಿ, ಕಾಗದದ ಜತೆಗಿದ್ದ ನಾನು ಹೊರಗೆ ಬಂದ ವರ್ಷವೇ ಅವರ ಮೊಣಕಾಲುಗಳೂ ರಾಜೀನಾಮೆ ಕೊಟ್ಟವು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರು ಬರುವವರಿದ್ದರು. ಅವರೆದುರು ಎಂಜಿನ್ ಸ್ಟಾರ್ಟ್ ಆಗಬೇಕು, ದೋಣಿ ಆಚೆ ದಡ ಮುಟ್ಟಿ ಬರಬೇಕು. ಆಗದಿದ್ದರೆ ದಾಟಿಸುವ ಪರವಾನಗಿ ಪಟ್ಟಿಯಲ್ಲಿ ಮುಂದೆ ಕಾದು ನಿಂತವರಿಗೆ ಹೋಗುತ್ತದೆ. ಮಾವನವರ ಮೂವತ್ತೆಂಟು ವರ್ಷ ಅಲ್ಲಿಗೆ ಮುಗಿಯಿತು.

"ಅಳಿಯಂದ್ರೆ, ಎಂಜಿನ್ನು ನಿಮಗೆ ಬರುತ್ತಾ? ಇವಳು ಎಂಟು ವರ್ಷದವಳಿದ್ದಾಗಿಂದ ನನ್ನ ಜತೆ ದೋಣೀಲಿದ್ದವಳು. ಬೇಕಿದ್ರೆ ಇವಳೇ..." ಎಂದು ಮಾವ ಮಗಳ ಕಡೆ ನೋಡಿದರು.

"ಕರೆಂಟು ಎಲ್ಲಾ ಕಡೆ ಒಂದೇ ಮಾವ," ಎಂದೆ. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಇನ್ನೊಮ್ಮೆ ಹೇಳಬೇಕೆನಿಸಿತು, ಹೇಳಿದೆ. ಹೆಂಡತಿ ಊಟದ ಡಬ್ಬಿ ತುಂಬಿಸತೊಡಗಿದಳು.

ಸೋಮವಾರ ಬೆಳಿಗ್ಗೆ ಚೀಲ ಹಿಡಿದು ದೋಣಿ ಹತ್ತಿದೆ. ಚೀಲದಲ್ಲಿ ಮೂರಂತಸ್ತಿನ ಊಟದ ಡಬ್ಬಿ, ಎರಡು ಲೀಟರ್ ನೀರು, ಟಾರ್ಚು, ಮತ್ತು ಎಂಜಿನ್ನಿನ ಜತೆ ಬಂದಿದ್ದ ಸೂಚನಾ ಪುಸ್ತಕ. ದೋಣಿಯಲ್ಲಿ ಇಂಥ ಚೀಲ ಇಡಲು ಒಣ ಜಾಗ ಸಿಕ್ಕುವುದು ಕಷ್ಟ. ಆದರೆ ಸ್ಟೇರಿಂಗ್ ಚಕ್ರದ ಬಲಕ್ಕೆ, ಸೊಂಟದ ಎತ್ತರಕ್ಕೆ, ಗೇರಿನ ಹಿಡಿ ಇತ್ತು. ತುದಿಯಲ್ಲಿ ಗುಂಡನೆಯ ಕಪ್ಪು ಬುಗುಟು. ಚೀಲದ ಕಿವಿ ಅದಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ದೋಣಿ ಮಾಡಿದವನ ದೂರದೃಷ್ಟಿಯನ್ನು ಮನಸ್ಸಿನಲ್ಲೇ ಮೆಚ್ಚಿ ಕೀಲಿ ತಿರುಗಿಸಿದೆ.

ಕೆಂಪು ದೀಪ ಹತ್ತಿತು. ಎಂಜಿನ್ ಉಸಿರೆತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಟಕ್ಕೂ ಇಲ್ಲ, ಟಿಕ್ಕೂ ಇಲ್ಲ.

ಇಲ್ಲೊಂದು ತೊಡಕಿದೆ, ಓದುಗರು ಗಮನಿಸಬೇಕು. ಕೀಲಿ ಇರುವುದು ಮೇಲೆ, ಎಂಜಿನ್ ಇರುವುದು ನಾಲ್ಕು ಮೆಟ್ಟಿಲು ಕೆಳಗೆ. ಕೀಲಿಯಿಂದ ಕೈ ತೆಗೆದರೆ ಅದು ತಾನಾಗಿ ಹಿಂದಕ್ಕೆ ಬರುತ್ತದೆ. ಕೀಲಿ ತಿರುಗಿಸಿದಾಗ ಕೆಳಗೆ ಏನಾಗುತ್ತದೆ ಎಂದು ನೋಡಲು ಅದೇ ಹೊತ್ತಿಗೆ ಕೆಳಗೂ ಒಬ್ಬರಿರಬೇಕು. ನಾನು ಒಬ್ಬನೇ ಇದ್ದೆ. ಹಾಗಾಗಿ ಕೀಲಿ ತಿರುಗಿಸಿ, ಅದು ಹಿಂದೆ ಬರುವ ಮೊದಲೇ ಕೆಳಗೆ ಜಿಗಿದು ನೋಡುವುದು ಎಂದು ತೀರ್ಮಾನಿಸಿದೆ. ಹದಿನಾಲ್ಕು ಸಲ ಹತ್ತಿ ಇಳಿದೆ. ಪ್ರತಿ ಸಲವೂ ಕೀಲಿಯೇ ಗೆದ್ದಿತು.

"ಏನ್ ಸಾರ್, ಡಾಕ್ಟರು ಹೇಳಿದಾರಾ?" ಎಂದು ಕಟ್ಟೆಯ ಮೇಲಿಂದ ಒಂದು ದನಿ ಬಂತು.

ದನಿ ಬಲೆ ಹೆಣೆಯುವವನದು. ದೋಣಿಕಟ್ಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಹರಿದ ಬಲೆಗಳನ್ನು ಸರಿಮಾಡುವುದು ಅವನ ಕಸುಬು. ಊರಿನಲ್ಲಿ ಯಾರು ಜಾರಿ ಬಿದ್ದರೂ, ಯಾರ ಸೈಕಲ್ಲು ಯಾರಿಗೆ ಗುದ್ದಿದರೂ ಅವನು ಅಲ್ಲಿ ಹಾಜರಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಸಾಕ್ಷಿ ಎಂದೇ ಕರೆಯುತ್ತಿದ್ದರು.

"ಎಲೆಕ್ಟ್ರಿಕಲ್ ತೊಂದರೆ," ಎಂದೆ, ಏದುಸಿರು ಬಿಡುತ್ತ. "ನಿಮಗೆ ಅರ್ಥವಾಗಲ್ಲ."

"ನಿಮಗೆ ಆಯ್ತಾ ಸಾರ್?" ಎಂದು ಅವನು ವಿನಯದಿಂದ ಕೇಳಿದ.

ಮಂಗಳವಾರ ಹೆಂಡತಿ ನನಗೆ ಹೇಳದೆ ಮೆಕ್ಯಾನಿಕ್ಕನ್ನು ಕರೆಸಿದಳು. ಅವನು ಬಂದವನೇ, "ಇದನ್ನ ಸ್ವಲ್ಪ ಹಿಡ್ಕೊಳ್ಳಿ," ಎಂದು ನನ್ನ ಚೀಲವನ್ನು ನನ್ನ ಕೈಗೇ ಕೊಟ್ಟು, ಗೇರಿನ ಹಿಡಿಯನ್ನು ಅಂಗೈಯಿಂದ ಒಮ್ಮೆ ತಟ್ಟಿ ನೆಟ್ಟಗೆ ಮಾಡಿ, ಕೀಲಿ ತಿರುಗಿಸಿದ. ಎಂಜಿನ್ ಒಂದೇ ಏಟಿಗೆ ಗುಡುಗಿತು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅದನ್ನು ನಿಲ್ಲಿಸಿದ.

"ಏನಾಗಿತ್ತು ಇದಕ್ಕೆ?"

"ಸ್ಟಾರ್ಟ್ ಆಗ್ತಿರಲಿಲ್ಲ."

"ಆಯ್ತಲ್ಲ?"

ಅವನು ಕಟ್ಟೆಗೆ ಇಳಿದ. ನಾನು ಚೀಲವನ್ನು ಅದರ ಜಾಗಕ್ಕೆ ನೇತುಹಾಕಿ ಕೀಲಿ ತಿರುಗಿಸಿದೆ. ಸದ್ದಿಲ್ಲ. ಕೂಗಿ ಕರೆದೆ. ಅವನು ಹಿಂದಿರುಗಿ ಬಂದ, ಚೀಲವನ್ನು ನನ್ನ ಕೈಗೆ ಕೊಟ್ಟ, ಹಿಡಿ ತಟ್ಟಿದ, ತಿರುಗಿಸಿದ. ಎಂಜಿನ್ ಗುಡುಗಿತು. ಇಳಿದು ಹೋದ. ನಾನು ಚೀಲ ಹಾಕಿದೆ, ತಿರುಗಿಸಿದೆ. ಸದ್ದಿಲ್ಲ. ಎರಡನೆಯ ಸಲ ಕರೆದಾಗ ಅವನು ಕಟ್ಟೆಯ ಮೇಲಿಂದಲೇ ಕೈಮುಗಿದ.

"ಎಂಜಿನ್ನಲ್ಲಿ ಏನೂ ಇಲ್ಲ ಸಾರ್. ಕೆಲವರ ಕೈಗೆ ಆಗಲ್ಲ, ಅಷ್ಟೇ."

ಈ ಮಾತನ್ನು ಅವನು ಮೆಲ್ಲಗೆ ಹೇಳಿದ್ದರೆ ನನ್ನ ಮುಂದಿನ ಎರಡು ದಿನ ಬೇರೆಯಾಗಿರುತ್ತಿದ್ದವು. ಆದರೆ ಸಾಕ್ಷಿ ಅಲ್ಲೇ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಉಪ್ಪುಖಾರ ಹಚ್ಚಿಕೊಂಡು ಊರು ಸುತ್ತಿತು: ದೋಣಿಯವರ ಅಳಿಯನ ಮೈಯಲ್ಲಿ ಏನೋ ಇದೆ, ಮುಟ್ಟಿದರೆ ಕರೆಂಟು ಸತ್ತು ಹೋಗುತ್ತದೆ.

ಸಂಜೆ ಕ್ಷೌರಕ್ಕೆ ಹೋದರೆ ಕ್ಷೌರದವನು ಮೆಷಿನ್ನಿನ ವೈರು ಕಿತ್ತು, ಡ್ರಾಯರಿನಲ್ಲಿಟ್ಟು, ಕತ್ತರಿ ತೆಗೆದ. "ಬೇಸರ ಮಾಡ್ಕೋಬೇಡಿ ಸಾರ್, ಹೊಸ ಮೆಷಿನ್ನು." ದರ್ಜಿ ನಾನು ಅಂಗಡಿ ದಾಟುವವರೆಗೆ ಹೊಲಿಗೆ ಯಂತ್ರದ ಮೋಟರು ನಿಲ್ಲಿಸಿ, ದಾಟಿದ ಮೇಲೆ ಕತ್ತು ಹೊರಹಾಕಿ ನೋಡಿ, ಮತ್ತೆ ಶುರುಮಾಡಿದ. ಬುಧವಾರ ಬೆಳಿಗ್ಗೆ ಪಕ್ಕದ ಮನೆಯಾಕೆಯ ಹತ್ತಿರ ಸ್ಕ್ರೂಡ್ರೈವರ್ ಕೇಳಲು ಹೋದೆ. ಆಕೆ ಬಾಗಿಲು ತೆರೆದು ನನ್ನ ಮುಖ ನೋಡಿದವರೇ, "ಒಂದ್ನಿಮಿಷ ಅಣ್ಣ," ಎಂದು ಒಳಗೆ ಓಡಿದರು. ಫ್ರಿಜ್ಜು ಆರಿದ ಸದ್ದು ಕೇಳಿಸಿತು. ಸ್ಕ್ರೂಡ್ರೈವರನ್ನು ಮರದ ಸೌಟಿನ ಮೇಲಿಟ್ಟು ನನ್ನ ಕಡೆ ಚಾಚಿದರು.

ಇಷ್ಟಾದರೂ ನಾನು ಜಗ್ಗುತ್ತಿರಲಿಲ್ಲ. ಆದರೆ ದಂತವೈದ್ಯರ ಶಾಪೂ ನನಗೆ ತಗುಲಿತು. ಅವರ ಕೋಣೆಯಲ್ಲಿ ಹಲ್ಲು ಕೊರೆಯುವ ಯಂತ್ರ ನಿಂತುಹೋದಾಗ ನಾನು ಎದುರು ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆನಂತೆ. ಸಾಕ್ಷಿ ನೋಡಿದ್ದನಂತೆ.

ಸಂಜೆ ಮಾವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಗಟ್ಟಿ ಮಾತಿನವರು. ಅಂದು ಅವರ ದನಿ ಮೆತ್ತಗಿತ್ತು, ಅದೇ ನನಗೆ ಹೆಚ್ಚು ಚುಚ್ಚಿತು.

"ಅಳಿಯಂದ್ರೆ, ತಪ್ಪು ತಿಳ್ಕೋಬೇಡಿ. ನಾಳೆ ಇನ್‌ಸ್ಪೆಕ್ಟರು ಬಂದಾಗ ಕೀಲಿ ಇವಳೇ ತಿರುಗಿಸಲಿ. ನೀವು ಕಟ್ಟೆ ಮೇಲೆ... ಕಟ್ಟೆಯಿಂದ ಸ್ವಲ್ಪ ಆಚೆಗೆ... ಅಂಚೆ ಕಚೇರಿ ಹತ್ತಿರ ಇದ್ರೆ ಒಳ್ಳೇದು."

ಅಂಚೆ ಕಚೇರಿ ಕಟ್ಟೆಯಿಂದ ಒಂದು ಮೈಲಿ.

"ರೀ, ನಾನು ಒಂದ್ಸಲ ಬಂದು ನೋಡ್ಲಾ?" ಎಂದಳು ಹೆಂಡತಿ. "ನಾನು ಮೇಲೆ ಕೀಲಿ ತಿರುಗಿಸ್ತೀನಿ, ನೀವು ಕೆಳಗೆ ನೋಡಿ. ಐದು ನಿಮಿಷದ ಕೆಲಸ."

ಅವಳು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಬಂತು. "ಬೇಡ. ಒಬ್ಬನೇ ಮಾಡ್ತೀನಿ. ಒಬ್ಬರೇ ಮಾಡೋದಕ್ಕೆ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ," ಎಂದೆ.

ಇದು ಸುಳ್ಳಲ್ಲ. ‘ಒಬ್ಬರೇ ಇದ್ದಾಗ ಎಂಜಿನ್ ತಿರುಗಿಸಿ ಪರೀಕ್ಷಿಸುವುದು: ಸುರಕ್ಷತಾ ಸೂಚನೆಗಳು’ ಎಂದು ಇಡೀ ಎರಡು ಪುಟವಿತ್ತು. ಕೀಲಿಯ ಬದಲು ಒತ್ತುಗುಂಡಿಯೊಂದಕ್ಕೆ ಉದ್ದನೆಯ ವೈರು ಕಟ್ಟಿ, ನೇರವಾಗಿ ಸ್ಟಾರ್ಟರಿಗೆ ಜೋಡಿಸಿ, ಎಂಜಿನ್ ಪಕ್ಕದಲ್ಲೇ ನಿಂತು ಒತ್ತಿ ನೋಡಬಹುದು ಎಂದು ಅದರಲ್ಲಿ ಹೇಳಿತ್ತು. ಒಟ್ಟು ಒಂಬತ್ತು ಸೂಚನೆಗಳು. ಎರಡರಿಂದ ಒಂಬತ್ತರವರೆಗಿನವನ್ನು ನಾನು ಬಾಯಿಪಾಠ ಮಾಡಿದೆ. ಮೊದಲನೆಯದನ್ನು ಓದಲಿಲ್ಲ. ಯಾವ ಪುಸ್ತಕದಲ್ಲೇ ಆಗಲಿ, ಮೊದಲನೆಯ ಸೂಚನೆಯನ್ನು ತೀರಾ ದಡ್ಡರಿಗೆಂದು ಬರೆದಿರುತ್ತಾರೆ ಎಂಬುದು ನನ್ನ ಬಹುಕಾಲದ ನಂಬಿಕೆ.

ಒತ್ತುಗುಂಡಿಗೆ ಎಲ್ಲಿಗೆ ಹೋಗುವುದು? ವಿದ್ಯುತ್ ಸಾಮಾನಿನ ಅಂಗಡಿಯವನು ನನ್ನನ್ನು ಕಂಡೊಡನೆ ಷಟರ್ ಎಳೆದಿದ್ದ. ಗುರುವಾರ ಬೆಳಿಗ್ಗೆ ಎದ್ದು, ನನ್ನ ಕೀರ್ತಿಯ ಏಕೈಕ ಸ್ಮಾರಕವಾದ ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಬಾಗಿಲಿನ ಪಕ್ಕದಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಗೋಡೆಯಲ್ಲಿ ಎರಡು ವೈರು ಬಾಯಿಬಿಟ್ಟು ನಿಂತವು. ಹಾಲಿನವನು ಅದನ್ನು ನೋಡಿ, ನನ್ನನ್ನು ನೋಡಿ, ಹಾಲನ್ನು ಮೆಟ್ಟಿಲ ಮೇಲಿಟ್ಟು ಹೋದ.

ಒಂಬತ್ತು ಗಂಟೆಗೆ ದೋಣಿಯಲ್ಲಿದ್ದೆ. ಸೂಚನೆ ಎರಡು: ಕೈಬೆರಳಿನ ಉಂಗುರ, ಗಡಿಯಾರ ತೆಗೆಯಿರಿ. ತೆಗೆದೆ. ಮೂರು: ಸಡಿಲ ಬಟ್ಟೆ ಬೇಡ. ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿದೆ. ನಾಲ್ಕು: ಕಾಲಿಗೆ ರಬ್ಬರು. ಹೆಂಡತಿಯ ರಬ್ಬರು ಚಪ್ಪಲಿ ತಂದಿದ್ದೆ, ಹಿಮ್ಮಡಿ ಹೊರಗೆ ಉಳಿಯಿತು. ಐದು: ಬೆಂಕಿ ಆರಿಸಲು ಮರಳು. ಒಂದು ಬಕೆಟ್ಟು. ಆರು: ದೋಣಿಯನ್ನು ದಡಕ್ಕೆ ಭದ್ರವಾಗಿ ಕಟ್ಟಿರಿ.

ಆರನೆಯದು ಸ್ವಲ್ಪ ತೊಂದರೆ ಕೊಟ್ಟಿತು. ಹಗ್ಗ ಕಟ್ಟುವ ಎರಡೂ ಗೂಟಗಳಿಗೆ ಇನ್‌ಸ್ಪೆಕ್ಟರು ಮೆಚ್ಚಲಿ ಎಂದು ಬೆಳಿಗ್ಗೆಯಷ್ಟೇ ಕೆಂಪು ಬಣ್ಣ ಬಳಿದಿದ್ದೆ. ಹಸಿ ಬಣ್ಣದ ಮೇಲೆ ಹಗ್ಗ ಕಟ್ಟುವಷ್ಟು ಅರಸಿಕ ನಾನಲ್ಲ. ಹತ್ತಿರದಲ್ಲಿ ಮಾವನವರು ದಿನವೂ ಕೂರುವ ಮರದ ಬೆಂಚು ಇತ್ತು. ಭಾರಿ ಬೆಂಚು. ಮೂವತ್ತೆಂಟು ವರ್ಷದಲ್ಲಿ ಅದು ಅಲುಗಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅದರ ಕಾಲಿಗೆ ಕಟ್ಟಿದೆ.

ಚೀಲವನ್ನು ಅದರ ಜಾಗಕ್ಕೆ ನೇತುಹಾಕಿದೆ. ಅಂದು ಅದರಲ್ಲಿ ಸುತ್ತಿಗೆ, ಇಕ್ಕಳ, ಪಾನಾಗಳೂ ಸೇರಿದ್ದವು. ಗೇರಿನ ಹಿಡಿ ಅದರ ಭಾರಕ್ಕೆ ಪೂರಾ ಮುಂದಕ್ಕೆ ಬಾಗಿ, ನನಗೆ ನಮಸ್ಕಾರ ಮಾಡಿದಂತೆ ಕಾಣಿಸಿತು. ಕೀಲಿಯನ್ನು ದೀಪ ಹತ್ತುವಷ್ಟು ತಿರುಗಿಸಿಟ್ಟು ಕೆಳಗಿಳಿದೆ.

ನಾನು ಕೆಳಗಿದ್ದಾಗ ಮೇಲೆ ನಡೆದದ್ದನ್ನು ಆಮೇಲೆ ಸಾಕ್ಷಿ ಹೇಳಿದ. ಇನ್‌ಸ್ಪೆಕ್ಟರು ಮುಕ್ಕಾಲು ಗಂಟೆ ಮುಂಚೆಯೇ ಬಂದರಂತೆ. ಮಗಳ ಕೈಹಿಡಿದು ಮಾವನೂ ಬಂದರಂತೆ. ಇಬ್ಬರು ಹಿರಿಯರೂ ಬೆಂಚಿನ ಮೇಲೆ ಕೂತು ಹಳೆಯ ಪರಿಚಯದ ಮಾತು ತೆಗೆದರಂತೆ. "ಅಳಿಯ ಎಲ್ಲಿ?" ಎಂದು ಇನ್‌ಸ್ಪೆಕ್ಟರು ಕೇಳಿದರೆ, ಮಾವ, "ಅಂಚೆ ಕಚೇರಿ ಹತ್ತಿರ," ಎಂದರಂತೆ.

ನಾನು ವೈರು ಜೋಡಿಸಿದೆ. ದೀರ್ಘವಾಗಿ ಉಸಿರೆಳೆದು ನನ್ನ ಮನೆಯ ಬೆಲ್ಲನ್ನು ಒತ್ತಿದೆ.

ಎಂಜಿನ್ ಎರಡು ಸುತ್ತು ತಿರುಗಿ, ಕೆಮ್ಮಿ, ಗುಡುಗಿತು!

ಆ ಗಳಿಗೆಯ ಸಂತೋಷವನ್ನು ಏನೆಂದು ಹೇಳಲಿ. ನನ್ನ ಮೈಗೆ ಕರೆಂಟು ಆಗಿಬರುತ್ತದೆ! ಕ್ಷೌರದವನು, ದರ್ಜಿ, ಪಕ್ಕದ ಮನೆಯಾಕೆ, ದಂತವೈದ್ಯರು, ಎಲ್ಲರನ್ನೂ ಆ ಒಂದು ಕ್ಷಣದಲ್ಲಿ ಕ್ಷಮಿಸಿಬಿಟ್ಟೆ. ಗುಂಡು ಕಿಟಕಿಯಿಂದ ಹೊರಗೆ ನೋಡಿದರೆ ಸಾಕ್ಷಿ ಬಲೆ ಹಿಡಿದು ಕೂತಂತೆಯೇ ಹಿಂದಕ್ಕೆ ಹೋಗುತ್ತಿದ್ದ. ಕೂತವನು ಹೇಗೆ ಹೋಗುತ್ತಾನೆ ಎಂದು ಆಶ್ಚರ್ಯಪಟ್ಟೆ. ಅವನ ಹಿಂದೆ ದೀಪದ ಕಂಬವೂ ಹೊರಟಾಗ ನನಗೆ ಅನುಮಾನ ಬಂತು.

ಬೆಲ್ಲಿನ ಗುಣವೆಂದರೆ ಕೈ ತೆಗೆದರೆ ಸದ್ದು ನಿಲ್ಲುತ್ತದೆ. ಕೈ ತೆಗೆದೆ. ಎಂಜಿನ್ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರೆ ನಿಂತೀತೆಂದು ಒತ್ತಿದೆ. ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಸದ್ದು ಬಂತು. ಮೆಟ್ಟಿಲ ಕಡೆ ಓಡಲು ಹೋಗಿ ಹೆಂಡತಿಯ ಚಪ್ಪಲಿ ಎಡವಿ ಮರಳಿನ ಬಕೆಟ್ಟಿನೊಳಗೆ ಕೈಯೂರಿ ಕೂತೆ. ಅಷ್ಟರಲ್ಲಿ ಹಗ್ಗ ಬಿಗಿಯಾಯಿತು.

ಬೆಂಚು ಹೊರಟಿತು. ಅದರ ಮೇಲೆ ಕೂತವರು ಇಳಿಯಬೇಕೋ ಬೇಡವೋ ಎಂದು ಯೋಚಿಸುವಷ್ಟು ನಿಧಾನಕ್ಕೇ ಹೊರಟಿತಂತೆ. "ಬೆಂಚು ಹೋಗ್ತಾ ಇದೆ," ಎಂದರಂತೆ ಇನ್‌ಸ್ಪೆಕ್ಟರು. "ಹೌದು, ಹೋಗ್ತಾ ಇದೆ," ಎಂದರಂತೆ ಮಾವ. ಒಬ್ಬರು ಫೈಲನ್ನೂ ಇನ್ನೊಬ್ಬರು ಊರುಗೋಲನ್ನೂ ಎದೆಗವಚಿಕೊಂಡು, ಎದುರಿಗೆ ನೋಡುತ್ತ, ಬಸ್ಸಿನಲ್ಲಿ ಕೂತವರಂತೆ ಎಂಟು ಅಡಿ ಪ್ರಯಾಣ ಮಾಡಿದರು. ಬೆಂಚು ನನ್ನ ಎರಡು ಹಸಿ ಕೆಂಪು ಗೂಟಗಳಿಗೆ ಅಡ್ಡಲಾಗಿ ಸಿಕ್ಕಿಕೊಂಡು ನಿಂತಿತು. ದೋಣಿ ಮಾತ್ರ ಬಿಡದೆ ಎಳೆಯುತ್ತಲೇ ಇತ್ತು. ಬೆಂಚಿನ ಕಾಲು ಕಿರುಗುಟ್ಟುವ ಸದ್ದು ನನಗೆ ಕೆಳಗೂ ಕೇಳಿಸಿತು. ಆ ಕಾಲು ಮುರಿದರೆ ಮಾವ, ಇನ್‌ಸ್ಪೆಕ್ಟರು, ಪರವಾನಗಿ, ಮೂರೂ ನೀರಿಗೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಬಾಯಿಂದ ಹೆಂಡತಿಯ ಹೆಸರು ಹೊರಟಿತು, ಪುಸ್ತಕದ ಒಂಬತ್ತು ಸೂಚನೆಗಳಲ್ಲಿ ಒಂದೂ ಹೊರಡಲಿಲ್ಲ.

ತಲೆಯ ಮೇಲೆ ಧಡ್ಡೆಂದು ಸದ್ದಾಯಿತು. ಕಟ್ಟೆಯಿಂದ ದೋಣಿಗೆ ಅವಳು ಹಾರಿದ್ದಳು. ಎರಡು ಹೆಜ್ಜೆ ಕೇಳಿಸಿತು. ನೀರು ಕಡೆಯುವ ಸದ್ದು ನಿಂತಿತು. ಎಂಜಿನ್ ತಣ್ಣಗೆ ಗೊಣಗುತ್ತ ನಿಂತಲ್ಲೇ ಓಡಿ, ಆಮೇಲೆ ಅದೂ ಆರಿತು.

ನಾನು ಮೇಲೆ ಬಂದಾಗ ಅವಳ ಒಂದು ಕೈಯಲ್ಲಿ ನನ್ನ ಚೀಲವಿತ್ತು.

ಅವಳು ಚೀಲ ಹಿಡಿದೇ ಕೀಲಿ ತಿರುಗಿಸಿದಳು. ಎಂಜಿನ್ ಹೊರಟಿತು. ಆರಿಸಿದಳು. ಚೀಲವನ್ನು ಗೇರಿನ ಹಿಡಿಗೆ ನೇತುಹಾಕಿದಳು. ಕೀಲಿ ತಿರುಗಿಸಿದಳು. ಸದ್ದಿಲ್ಲ. ಚೀಲ ತೆಗೆದು, ಹಿಡಿ ನೆಟ್ಟಗೆ ಮಾಡಿದಳು. ಎಂಜಿನ್ ಹೊರಟಿತು. ಚೀಲ ಹಾಕಿದಳು. ಸದ್ದಿಲ್ಲ. ಕಟ್ಟೆಯ ಮೇಲೆ ಮೂವರು, ದೋಣಿಯಲ್ಲಿ ನಾನೊಬ್ಬ, ಉಸಿರು ಬಿಗಿಹಿಡಿದು ನೋಡಿದೆವು. ಆಮೇಲೆ ಅವಳು ಚೀಲದಿಂದ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದಳು.

"ಸೂಚನೆ ಒಂದು. ಗೇರ್ ನ್ಯೂಟ್ರಲ್‌ನಲ್ಲಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೀಲಿಯಿಂದ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ನೇರವಾಗಿ ಸ್ಟಾರ್ಟರಿಗೆ ಗುಂಡಿ ಜೋಡಿಸಿದಾಗ ಈ ರಕ್ಷಣೆ ಇರುವುದಿಲ್ಲ, ದೋಣಿ ಹೊರಟುಬಿಡುತ್ತದೆ."

"ಸಾರ್ ಮೂರು ದಿನದಿಂದ ಊಟದ ಡಬ್ಬೀನ ಗೇರಿಗೆ ಹಾಕಿದ್ರು," ಎಂದ ಸಾಕ್ಷಿ, ಯಾರೂ ಕೇಳದಿದ್ದರೂ. "ನಾನು ನೋಡಿದೀನಿ."

"ನೋಡಿದ್ದೋನು ಹೇಳೋದಲ್ವಾ!" ಎಂದು ರೇಗಿದೆ.

"ನಿಮಗೆ ಅರ್ಥವಾಗಲ್ಲ ಅಂದ್ರಲ್ಲ ಸಾರ್, ಅದಕ್ಕೆ ಸುಮ್ಮನಿದ್ದೆ."

ಇನ್‌ಸ್ಪೆಕ್ಟರು ಗೂಟವೊಂದಕ್ಕೆ ಒರಸಿಕೊಂಡೇ ಬೆಂಚಿನಿಂದ ಎದ್ದರು. ಪ್ಯಾಂಟಿನ ಹಿಂಬದಿಗೆ ಕೆಂಪು ಬಣ್ಣ ಹತ್ತಿತ್ತು, ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಫೈಲು ತೆರೆದು, ಪೆನ್ನು ತೆಗೆದು, ಬಹಳ ಹೊತ್ತು ಬರೆದರು. ಮಾವ ಊರುಗೋಲನ್ನು ಎರಡು ಕೈಯಲ್ಲೂ ಹಿಡಿದು ಅವರ ಪೆನ್ನನ್ನೇ ನೋಡುತ್ತಿದ್ದರು. ಮೂವತ್ತೆಂಟು ವರ್ಷವನ್ನು ನನ್ನ ಊಟದ ಡಬ್ಬಿ ನುಂಗಿತಲ್ಲ ಎಂದು ನನಗೆ ಅಳುವೇ ಬಂತು. "ತಪ್ಪು ನನ್ನದು ಸ್ವಾಮಿ," ಎಂದೆ. "ಎಂಜಿನ್ನಿನದಲ್ಲ. ದೋಣಿಯದಲ್ಲ. ಇವರಲ್ಲಿ ಯಾರದ್ದೂ ಅಲ್ಲ."

"ಗೊತ್ತು," ಎಂದು ಇನ್‌ಸ್ಪೆಕ್ಟರು ತಲೆಯೆತ್ತದೆ ಹೇಳಿ, ಬರೆದದ್ದನ್ನು ಓದಿದರು. "ಗೇರಿನಲ್ಲಿದ್ದಾಗ ಎಂಜಿನ್ ಹೊರಡದಂತೆ ತಡೆಯುವ ವ್ಯವಸ್ಥೆ: ಸತತ ಮೂರು ದಿನ ಪರೀಕ್ಷೆಗೆ ಒಳಪಟ್ಟಿದೆ. ಒಮ್ಮೆಯೂ ತಪ್ಪಿಲ್ಲ." ಕನ್ನಡಕ ಸರಿಮಾಡಿಕೊಂಡರು. "ಇಪ್ಪತ್ತು ವರ್ಷ ಈ ಕೆಲಸ ಮಾಡ್ತಿದೀನಿ. ಇದನ್ನ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿದವರನ್ನ ನೋಡಿರಲಿಲ್ಲ. ಹಗ್ಗ: ಗಟ್ಟಿ ಇದೆ. ಎಂಜಿನ್ನಿನ ಎಳೆತ: ಇಬ್ಬರು ಹಿರಿಯರು ಮತ್ತು ಒಂದು ಬೆಂಚು." ಆಮೇಲೆ ನನ್ನನ್ನು ದಾಟಿ ನೋಡಿ ಕೇಳಿದರು. "ಅಮ್ಮಾ, ಆಚೆ ದಡಕ್ಕೆ ಹೋಗಿ ಬರೋಣವಾ? ನೀವೇ ನಡೆಸಿ."

ಅವಳು ನಡೆಸಿದಳು. ನಾನು ದೋಣಿಯ ಹಿಂದೆ, ಹಗ್ಗದ ಸುರುಳಿಯ ಪಕ್ಕದಲ್ಲಿ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದೆ. ಚಕ್ರದ ಮೇಲೆ ಅವಳ ಕೈ ಅನ್ನ ಕಲಸುವ ಕೈಯಷ್ಟು ಸಲೀಸಾಗಿ ಓಡಾಡುತ್ತಿತ್ತು. ಇಷ್ಟು ವರ್ಷ ಜತೆಗಿದ್ದೂ ನಾನು ಇದನ್ನು ನೋಡಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಆಚೆ ದಡ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು, ಆದರೆ ಆ ದಿನ ನಾನು ಏನನ್ನೂ ಮಾಡದಿರುವುದೇ ಎಲ್ಲರಿಗೂ ಕ್ಷೇಮವಾಗಿತ್ತು.

ಪರವಾನಗಿಯಲ್ಲಿ ಚಾಲಕಿ ಎಂದು ಅವಳ ಹೆಸರು ಬಂತು. ನನ್ನ ಹೆಸರು ಸಹಾಯಕನ ಜಾಗದಲ್ಲಿದೆ. ಮಾವ ಬೆಂಚನ್ನು ಹಳೆಯ ಜಾಗಕ್ಕೆ ಎಳೆಸಿ, ಕಾಲುಗಳಿಗೆ ಸಿಮೆಂಟು ಹಾಕಿಸಿದರು. ಊರಿನವರು ಮಾತ್ರ ನನ್ನ ಮೈಯ ವಿಷಯವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಕ್ಷೌರದವನು ಈಗಲೂ ಕತ್ತರಿಯಲ್ಲೇ ಮಾಡುತ್ತಾನೆ.

ಶುಕ್ರವಾರ ಬೆಳಿಗ್ಗೆ, ಮೊದಲ ಸುತ್ತು ಹೊರಡುವ ಮುಂಚೆ, ನಾನು ಚೀಲ ಹಿಡಿದು ದೋಣಿ ಹತ್ತಿದೆ. ನನ್ನ ಕೈ ಹಳೆಯ ಚಾಳಿಯಂತೆ ಗೇರಿನ ಕಡೆ ಹೊರಟು ಅರ್ಧದಲ್ಲೇ ನಿಂತಿತು. ಅವಳು ಅದನ್ನು ನೋಡಿದಳು. ನನ್ನ ಚೀಲದಿಂದಲೇ ಸುತ್ತಿಗೆ ತೆಗೆದು, ಹಿಂದಿನ ಹಲಗೆಗೆ, ನಾನು ಕೂರುವ ಜಾಗದ ಮೇಲೆ, ಉದ್ದನೆಯದೊಂದು ಮೊಳೆ ಹೊಡೆದಳು. ನಾಲ್ಕು ಏಟು. ಎಳೆದು ನೋಡಿದಳು.

ನಾನು ಚೀಲ ಹಿಡಿದು ಅನುಮಾನದಿಂದ ನಿಂತೇ ಇದ್ದೆ.

"ಹಾಕಿ ರೀ," ಎಂದಳು. "ಇದಕ್ಕೆ ಯಾವ ವೈರೂ ಇಲ್ಲ."